ಸಂಭವನೀಯತೆ ಲೆಕ್ಕ: ಓದಿದರೆ ತಿಳೀತದೆ, ಸ್ವಂತ ಬಿಡಿಸಿದರೆ ತಪ್ತದೆ

ದೇವಿಮನೆ ಘಟ್ಟ
ಪಿಯು ಎರಡನೇ ವರ್ಷದ ಸಂಭವನೀಯತೆ, ಪದವಿ ಮೊದಲ ವರ್ಷದ ಸಂಖ್ಯಾಶಾಸ್ತ್ರ, ಎರಡಕ್ಕೂ ಅಭ್ಯಾಸ ಬೇಕಾಗಿದೆ. ಬಿಡಿಸಿಟ್ಟ ಲೆಕ್ಕ ಓದುವಾಗ ಎಲ್ಲ ಸಲೀಸು. ಪುಸ್ತಕ ಮುಚ್ಚಿ ಕೂತರೆ ಬೇರೆಯೇ ಉತ್ತರ ಬರ್ತದೆ. ಉದಾಹರಣೆಗೆ: ಬುಟ್ಟಿಯಲ್ಲಿ 12 ಬಂಗಡೆ ಮೀನು, ಅದರಲ್ಲಿ 5 ನಿನ್ನೆಯವು. ನೋಡದೆ 3 ತೆಗೆದರೆ ಮೂರೂ ಇವತ್ತಿನವೇ ಆಗಿರುವ ಸಂಭವನೀಯತೆ ಎಷ್ಟು? ನನಗೆ 0.198 ಬಂತು. ಸರಿಯುತ್ತರ 0.159 ಅಂತಿದೆ. ಸೂತ್ರ ಗೊತ್ತಿದ್ದೂ ಎಲ್ಲಿ ಎಡವುತ್ತಿದೆ? ಯಾವ ಕ್ರಮದಲ್ಲಿ ಅಭ್ಯಾಸ ಮಾಡಬೇಕು?

ಬೈತಖೋಲ್ ಬಂದರು
0.198 ಹೇಗೆ ಬಂತು ಅಂತ ಹಿಂದಕ್ಕೆ ಹೋಗಿ ನೋಡಿ, ತಪ್ಪು ಅಲ್ಲೇ ಕೂತಿದೆ. 7/12ನ್ನು ಮೂರು ಸಲ ಗುಣಿಸಿದ್ದೀರಿ: 343/1728. ಅಂದರೆ ತೆಗೆದ ಬಂಗಡೆಯನ್ನು ಪ್ರತಿ ಸಲ ಬುಟ್ಟಿಗೆ ವಾಪಸ್ ಹಾಕಿ, ಕಲಸಿ, ಮತ್ತೆ ಕೈ ಹಾಕಿದ ಲೆಕ್ಕ ಅದು. ಮೀನು ಕೊಳ್ಳುವವರು ಹಾಗೆ ಮಾಡ್ತಾರಾ? ಒಂದು ತೆಗೆದ ಮೇಲೆ ಬುಟ್ಟಿಯಲ್ಲಿ 11 ಉಳೀತದೆ, ಆಮೇಲೆ 10. ಹಾಗಾಗಿ 7/12 × 6/11 × 5/10 = 210/1320 = 0.159. ವಿಕಲ್ಪದಲ್ಲಿ ಮಾಡಿದರೂ ಅದೇ: 7ರಿಂದ 3 ಆರಿಸುವ ದಾರಿ 35, 12ರಿಂದ 3 ಆರಿಸುವ ದಾರಿ 220, 35/220.

ಇದು ಸೂತ್ರದ ತಪ್ಪಲ್ಲ, ಛೇದದ ತಪ್ಪು. ಈ ವಿಷಯದಲ್ಲಿ ತಪ್ಪುವ ಲೆಕ್ಕಗಳಲ್ಲಿ ಮುಕ್ಕಾಲುಪಾಲು ಹೀಗೇ ಅಂತ ನನ್ನ ಅಂದಾಜು. ಅಂಕಿ ಮುಟ್ಟುವ ಮೊದಲು ಪೆನ್ಸಿಲಿನಲ್ಲಿ ಮೂರು ಸಾಲು ಬರೆಯಿರಿ, ಮಾತಿನಲ್ಲೇ: ಏನು ಎತ್ತುತ್ತೇವೆ, ಹೇಗೆ ಎತ್ತುತ್ತೇವೆ (ವಾಪಸ್ ಹಾಕಿಯೋ, ಹಾಕದೆಯೋ, ಕ್ರಮ ಲೆಕ್ಕಕ್ಕಿದೆಯೋ), ಯಾವುದರಲ್ಲಿ ಎಷ್ಟು. ಮೂರನೇ ಸಾಲು ಬರೆಯಲು ಬರಲಿಲ್ಲ ಅಂದರೆ ಕ್ಯಾಲ್ಕುಲೇಟರ್ ಮುಟ್ಟಬೇಡಿ.

ಅದೇ ಲೆಕ್ಕವನ್ನು 1200 ಮೀನು, 500 ನಿನ್ನೆಯವು ಅಂತ ಮಾಡಿ ನೋಡಿ. ವಾಪಸ್ ಹಾಕದೆ 0.1981, ಹಾಕಿ 0.1985. ರಾಶಿ ದೊಡ್ಡದಾದರೆ ಎರಡರ ಅಂತರ ಸವೆದುಹೋಗ್ತದೆ. ದೊಡ್ಡ ಸಮೀಕ್ಷೆಗಳಲ್ಲಿ ವಾಪಸ್ ಹಾಕದೇ ಇದ್ದರೂ ಸ್ವತಂತ್ರ (ಒಂದು ಎತ್ತಿದ್ದು ಇನ್ನೊಂದರ ಸಂಭವನೀಯತೆಯನ್ನು ಬದಲಿಸುವುದಿಲ್ಲ) ಅಂತ ಹಿಡಿಯುವುದು ಅದಕ್ಕೇ. 12ರ ಬುಟ್ಟಿಗೆ ಆ ರಿಯಾಯಿತಿ ಇಲ್ಲ.

ಗುಡ್ಡೆ ತೋಟ
ಇಷ್ಟೆಲ್ಲ ಬೇಡ ಮಾರಾಯ್ರೆ. ಪರೀಕ್ಷೆಗೆ ಬರುವುದು ಹತ್ತು ಹದಿನೈದು ಮಾದರಿ. ದಿನಕ್ಕೆ ಹತ್ತು ಲೆಕ್ಕ, ಅಧ್ಯಾಯದ ಕ್ರಮದಲ್ಲೇ ಮಾಡ್ತಾ ಹೋದರೆ ಕೈ ಕೂರ್ತದೆ. ಪರಸ್ಪರ ವರ್ಜಿತ ಘಟನೆ, ಸ್ವತಂತ್ರ ಘಟನೆ ಎರಡೂ ಹೆಚ್ಚುಕಡಿಮೆ ಒಂದೇ, ಒಂದಕ್ಕೊಂದು ಸಂಬಂಧ ಇಲ್ಲದವು. ಒಂದರಲ್ಲಿ ಕೂಡಿಸೋದು, ಇನ್ನೊಂದರಲ್ಲಿ ಗುಣಿಸೋದು, ಅಷ್ಟೇ.

ಬೈತಖೋಲ್ ಬಂದರು
ಅಲ್ಲೇ ಬಿದ್ದಿರಿ ನೋಡಿ. ಅವೆರಡೂ ಒಂದೇ ಅಲ್ಲ, ಹೆಚ್ಚುಕಡಿಮೆ ವಿರುದ್ಧ. ಪರಸ್ಪರ ವರ್ಜಿತ ಅಂದರೆ ಒಂದು ಆದರೆ ಇನ್ನೊಂದು ಆಗುವಂತೆಯೇ ಇಲ್ಲ. ಅದಕ್ಕಿಂತ ಗಟ್ಟಿ ಸಂಬಂಧ ಇನ್ಯಾವುದು? ಎರಡಕ್ಕೂ ಸೊನ್ನೆಗಿಂತ ಹೆಚ್ಚು ಸಂಭವನೀಯತೆ ಇದ್ದರೆ ಪರಸ್ಪರ ವರ್ಜಿತವಾದವು ಸ್ವತಂತ್ರ ಆಗಲಾರವು.

ಎರಡು ದಾಳ ತಗೊಳ್ಳಿ, 36 ಫಲಿತ. ‘ಮೊದಲ ದಾಳ ಸಮ’ 1/2. ‘ಮೊತ್ತ 7’ 6/36. ಎರಡೂ ಒಟ್ಟಿಗೆ ಆಗುವುದು (2,5), (4,3), (6,1), ಅಂದರೆ 3/36. 1/2 × 1/6 = 1/12, ಇದೂ 3/36. ಸ್ವತಂತ್ರ. ಈಗ ಮೊತ್ತವನ್ನು 7ರ ಬದಲು 8 ಮಾಡಿ. ‘ಮೊತ್ತ 8’ 5/36. ಎರಡೂ ಒಟ್ಟಿಗೆ (2,6), (4,4), (6,2), ಮತ್ತೆ 3/36. ಗುಣಲಬ್ಧ 5/72, ಆದರೆ 3/36 ಅಂದರೆ 6/72. ಸ್ವತಂತ್ರ ಅಲ್ಲ! ಕಣ್ಣಿಗೆ ಎರಡು ಪ್ರಶ್ನೆಯೂ ಒಂದೇ ತರ ಕಾಣ್ತವೆ. ಆದ್ದರಿಂದ ಸ್ವತಂತ್ರವೋ ಅಲ್ಲವೋ ಅನ್ನುವುದನ್ನು ಗುಣಿಸಿ ನೋಡಿ ಹೇಳಬೇಕು, ಅನಿಸಿಕೆಯಿಂದ ಅಲ್ಲ.

ಅಧ್ಯಾಯದ ಕ್ರಮದ ಬಗ್ಗೆಯೂ ಒಂದು ಮಾತು. ‘ದ್ವಿಪದ ವಿತರಣೆ’ ಅನ್ನುವ ಶೀರ್ಷಿಕೆಯ ಕೆಳಗೆ ಬಂದ ಲೆಕ್ಕಕ್ಕೆ ಯಾವ ಸೂತ್ರ ಅಂತ ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಇರುವುದೇ ಆ ಕೆಲಸ. ಲೆಕ್ಕಗಳನ್ನು ಚೀಟಿಯಲ್ಲಿ ಬರೆದು, ಹಿಂಬದಿಗೆ ಉತ್ತರ ಹಾಕಿ, ಡಬ್ಬಿಯಲ್ಲಿ ಕಲಸಿ. ದಿನಕ್ಕೆ ಹತ್ತರ ಬದಲು ಆರು ಸಾಕು. ತಪ್ಪಿದ ಚೀಟಿ ಮೂರು ದಿನ ಬಿಟ್ಟು ಮತ್ತೆ ಡಬ್ಬಿಗೆ.

ಚಾಲಿ ಬೆಟ್ಟೆ
ಷರತ್ತುಬದ್ಧ ಸಂಭವನೀಯತೆಗೆ (ಒಂದು ಆಗಿದೆ ಅಂತ ಗೊತ್ತಿದ್ದಾಗ ಇನ್ನೊಂದರದ್ದು) ನಾನು ಸೂತ್ರವನ್ನು ಕೊನೆಗೆ ಇಡಿ ಅಂತ ಹೇಳುವವ. ಮೊದಲು 1000 ಚೀಲ ಎಣಿಸಿ. ಅಡಿಕೆಯ ಲೆಕ್ಕವನ್ನೇ ಹಿಡಿಯೋಣ, ಅಂಕಿ ಅಭ್ಯಾಸಕ್ಕೆ ಮಾತ್ರ.

1000 ಚೀಲ ಚಾಲಿ, ಅಂದರೆ ಒಣಗಿಸಿದ ಅಡಿಕೆ. ಅದರಲ್ಲಿ ನೂರಕ್ಕೆ 2 ನಿಜವಾಗಿ ಹಸಿ. ತೇವ ಅಳೆಯುವ ಯಂತ್ರ ಹಸಿ ಚೀಲವನ್ನು ನೂರಕ್ಕೆ 90 ಸಲ ಹಿಡೀತದೆ, ಒಣ ಚೀಲವನ್ನು ನೂರಕ್ಕೆ 5 ಸಲ ಹಸಿ ಅಂತ ತಪ್ಪಾಗಿ ಹೇಳ್ತದೆ. ಯಂತ್ರ ‘ಹಸಿ’ ಅಂದ ಚೀಲ ನಿಜಕ್ಕೂ ಹಸಿ ಆಗಿರುವ ಸಂಭವನೀಯತೆ ಎಷ್ಟು?

ಥಟ್ಟಂತ ಬರುವ ಉತ್ತರ 0.90. ಈಗ ಎಣಿಸಿ. ಹಸಿ 20, ಅದರಲ್ಲಿ ಹಿಡಿದದ್ದು 18. ಒಣ 980, ಅದರಲ್ಲಿ ಸುಮ್ಮನೆ ಕೂಗಿದ್ದು 49. ಯಂತ್ರ ಕೂಗಿದ ಒಟ್ಟು ಚೀಲ 67. ಉತ್ತರ 18/67, ಸುಮಾರು 0.27. ಒಣ ಚೀಲಗಳ ರಾಶಿ ದೊಡ್ಡದು, ಅದರ ನೂರಕ್ಕೆ 5 ಕೂಡ ಹಸಿ ಚೀಲಗಳ ನೂರಕ್ಕೆ 90ಕ್ಕಿಂತ ಜಾಸ್ತಿ. ಅದೇ ಯಂತ್ರವನ್ನು ನೂರಕ್ಕೆ 20 ಹಸಿ ಇರುವ ಮಳೆಗಾಲದ ದಾಸ್ತಾನಿಗೆ ಹಚ್ಚಿ: 180 ಮತ್ತು 40, ಹಾಗಾಗಿ 180/220 = 0.82. ಯಂತ್ರ ಬದಲಾಗಿಲ್ಲ, ಗೋದಾಮು ಬದಲಾಗಿದೆ.

ಈ ಎಣಿಕೆಯನ್ನು ಕೋಷ್ಟಕದಲ್ಲಿ ಬರೆಯಿರಿ: ಅಡ್ಡ ಸಾಲಿನಲ್ಲಿ ಹಸಿ, ಒಣ; ಉದ್ದ ಸಾಲಿನಲ್ಲಿ ಯಂತ್ರ ಕೂಗಿದ್ದು, ಕೂಗದ್ದು. ಬೇಯ್ಸ್ ಪ್ರಮೇಯ ಅಂದರೆ ಇದೇ ಕೋಷ್ಟಕವನ್ನು 1000ದಿಂದ ಭಾಗಿಸಿ ಬರೆದದ್ದು. ಕೋಷ್ಟಕದಲ್ಲಿ ಹತ್ತು ಲೆಕ್ಕ ಮಾಡಿ, ಹನ್ನೊಂದನೆಯದನ್ನು ಸೂತ್ರದಲ್ಲಿ ಮಾಡಿ, ಎರಡೂ ತಾಳೆ ಆಗಬೇಕು. ಅಡ್ಡ ಸಾಲಿನ ಮೊತ್ತದಿಂದ ಭಾಗಿಸಿದರೆ ಒಂದು ಪ್ರಶ್ನೆಗೆ ಉತ್ತರ, ಉದ್ದ ಸಾಲಿನ ಮೊತ್ತದಿಂದ ಭಾಗಿಸಿದರೆ ಬೇರೆಯೇ ಪ್ರಶ್ನೆಗೆ ಉತ್ತರ. ‘ಮಳೆ ಬಂದರೆ ಕರೆಂಟ್ ಹೋಗುವ’ ಸಂಭವನೀಯತೆಯೂ ‘ಕರೆಂಟ್ ಹೋಗಿದ್ದರೆ ಮಳೆ ಬಂದಿರುವ’ ಸಂಭವನೀಯತೆಯೂ ಬೇರೆ ಬೇರೆ ಅನ್ನುವುದು ಕೋಷ್ಟಕದಲ್ಲಿ ಕಣ್ಣಿಗೆ ಹೊಡೀತದೆ, ಸೂತ್ರದಲ್ಲಿ ಹೊಡೆಯುವುದಿಲ್ಲ.

ತದಡಿ ದೋಣಿ
ಕಾಗದ ಬಿಟ್ಟು ಸ್ವಲ್ಪ ಕೈಯಲ್ಲೂ ಮಾಡಿ. ನಾಣ್ಯ ಬೇಡ, ಅದರ ಉತ್ತರ ಮೊದಲೇ ಗೊತ್ತು. ಚೌಕಾಬಾರದ ಕವಡೆ ತೆಗೆದುಕೊಳ್ಳಿ, ನಾಲ್ಕು.

ಕವಡೆಯ ಒಳ್ಳೆಯ ಗುಣ ಏನೆಂದರೆ ಅದು ಅರ್ಧಕ್ಕರ್ಧ ಬೀಳಲೇಬೇಕು ಅಂತಿಲ್ಲ. ಬೆನ್ನು ಉಬ್ಬು, ಬಾಯಿ ಕಡೆ ಚಪ್ಪಟೆ. ಬಾಯಿ ಮೇಲಾಗಿ ಬೀಳುವ ಸಂಭವನೀಯತೆಯನ್ನು ಎಸೆದು ಎಣಿಸಿಯೇ ತಿಳಿಯಬೇಕು. ವಿಧಾನ ಹೀಗೆ:

ಪ್ರತಿ ಕವಡೆಗೆ ಉಗುರು ಬಣ್ಣದ ಚುಕ್ಕೆ ಹಾಕಿ ಗುರುತು ಮಾಡಿ, ಒಂದು ಚುಕ್ಕೆ, ಎರಡು, ಮೂರು, ನಾಲ್ಕು. ಯಾಕೆಂದರೆ ನಾಲ್ಕೂ ಒಂದೇ ತರ ಬೀಳ್ತವೆ ಅಂತ ಮೊದಲೇ ಒಪ್ಪಿಕೊಳ್ಳಬಾರದು. ಎರಡೂ ಕೈ ಮುಚ್ಚಿ ಕುಲುಕಿ, ಒಂದೇ ಎತ್ತರದಿಂದ, ಒಂದೇ ನೆಲದ ಮೇಲೆ ಚೆಲ್ಲಿ. ಚಾಪೆ ಮೇಲೆ ಅರ್ಧ, ಸಿಮೆಂಟ್ ಮೇಲೆ ಅರ್ಧ ಮಾಡಿದರೆ ಎರಡು ಬೇರೆ ಪ್ರಯೋಗ ಬೆರಕೆಯಾಗ್ತದೆ. 100 ಸಲ ಎಸೆಯಿರಿ, ಪ್ರತಿ ಸಲ ಯಾವ ಚುಕ್ಕೆಯದು ಬಾಯಿ ಮೇಲೆ ಅಂತ ಗೆರೆ ಎಳೆಯಿರಿ. ಗೋಡೆಗೆ ತಾಗಿ ನಿಂತದ್ದನ್ನು ಏನು ಮಾಡಬೇಕು ಅನ್ನುವ ನಿಯಮ ಮೊದಲೇ ಬರೆದಿಡಿ. ಎಸೆದ ಮೇಲೆ ನಿಯಮ ಮಾಡಿದರೆ ಮನಸ್ಸು ಬೇಕಾದ ಕಡೆ ವಾಲ್ತದೆ.

400 ಬೀಳುವಿಕೆಯಲ್ಲಿ 240 ಬಾಯಿ ಮೇಲೆ ಬಂತು ಅಂತಿಟ್ಟುಕೊಳ್ಳಿ, 0.6. ಇದರ ಮಾನಕ ದೋಷ (ಅಂದಾಜು ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ) 0.6 × 0.4 / 400ರ ವರ್ಗಮೂಲ, ಅಂದರೆ 0.0245. ಎರಡು ಪಟ್ಟು ಹಿಡಿದರೆ 0.55ರಿಂದ 0.65ರ ನಡುವೆ. ಅರ್ಧ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ಒಂದೇ ಕವಡೆಯ 100 ಎಸೆತ ನೋಡಿದರೆ ಮಾನಕ ದೋಷ 0.049, 0.6 ಬಂದರೂ ಅಂತರ 0.50ರಿಂದ 0.70. ಅಲ್ಲಿ ಅಷ್ಟು ಧೈರ್ಯ ಬರುವುದಿಲ್ಲ. ಎಸೆತ ನಾಲ್ಕು ಪಟ್ಟು ಮಾಡಿದರೆ ದೋಷ ಅರ್ಧ ಆಗ್ತದೆ, ಕಾಲುಭಾಗ ಅಲ್ಲ. ಇದನ್ನು ಬೆರಳಿನಲ್ಲಿ ಅನುಭವಿಸಿದವರು ಮರೆಯುವುದಿಲ್ಲ.

ಈಗ ಆಟಕ್ಕೆ ಬನ್ನಿ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಅರ್ಧಕ್ಕರ್ಧ ಕವಡೆಯಾದರೆ ಎರಡೂ 1/16, ಅಂದರೆ 0.0625. 0.6ರ ಕವಡೆಯಾದರೆ ಚೌಕ 0.1296, ಬಾರ 0.0256. ಚೌಕ ಬಾರಕ್ಕಿಂತ ಐದು ಪಟ್ಟು! ನಡುವಿನವು: ಒಂದು 0.1536, ಎರಡು 0.3456, ಮೂರು 0.3456. ಐದೂ ಕೂಡಿಸಿದರೆ 1 ಬರಬೇಕು, ಬರದಿದ್ದರೆ ಎಲ್ಲೋ ವಿಕಲ್ಪದ 4 ಅಥವಾ 6 ಗುಣಿಸುವುದು ಬಿಟ್ಟುಹೋಗಿದೆ. ಇವನ್ನು 100ರಿಂದ ಗುಣಿಸಿ, ನಿಮ್ಮ ಗೆರೆಗಳ ಪಕ್ಕ ಇಟ್ಟು ನೋಡಿ.

ದೇವಿಮನೆ ಘಟ್ಟ
ಕವಡೆ ಇದೆ, ಮಾಡ್ತೇನೆ. ಇನ್ನೊಂದು ಸಂಶಯ. ‘ಜುಲೈಯಲ್ಲಿ ಮಳೆ ಬರುವ ಸಂಭವನೀಯತೆ 0.8 ಆದರೆ 5 ದಿನದಲ್ಲಿ ಕನಿಷ್ಠ 4 ದಿನ ಮಳೆ’ ಅನ್ನುವ ಲೆಕ್ಕಕ್ಕೆ ದ್ವಿಪದ ಹಚ್ಚಿ 0.737 ಬಂತು. ಸರಿಯಾ?

ಚಾಲಿ ಬೆಟ್ಟೆ
ಅಂಕಗಣಿತ ಸರಿ: 0.4096 + 0.3277 = 0.7373. ಪ್ರಶ್ನೆಯೇ ಸರಿ ಇಲ್ಲ. ದ್ವಿಪದಕ್ಕೆ ನಾಲ್ಕು ಷರತ್ತು: ಪ್ರಯತ್ನಗಳ ಸಂಖ್ಯೆ ಮೊದಲೇ ನಿಗದಿ, ಪ್ರತಿ ಸಲ ಎರಡೇ ಫಲಿತ, ಸಂಭವನೀಯತೆ ಎಲ್ಲ ಸಲವೂ ಅಷ್ಟೇ, ಮತ್ತು ಒಂದು ಇನ್ನೊಂದನ್ನು ಅವಲಂಬಿಸಬಾರದು. ಕೊನೆಯದು ನಮ್ಮ ಕರಾವಳಿಯಲ್ಲಿ ನಿಲ್ಲುವುದಿಲ್ಲ. ಮಳೆ ಹಿಡಿದರೆ ಹಿಡೀತದೆ, ಬಿಟ್ಟರೆ ಬಿಡ್ತದೆ.

ಇದನ್ನು ಅಂಕಿ ಇಟ್ಟು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ಕಾರವಾರ ಅಥವಾ ಹೊನ್ನಾವರದ ದಿನವಹಿ ಮಳೆ ತೆಗೆದುಕೊಳ್ಳಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆ ದಿನ’, ಮತ್ತು ದಿನ ಅಂದರೆ ಬೆಳಿಗ್ಗೆ 8.30ರಿಂದ ಮರುದಿನ 8.30. ಮನೆ ಅಂಗಳದ ಮಾಪಕದ ಅಂಕಿ ಪತ್ರಿಕೆಯದಕ್ಕೆ ತಾಳೆಯಾಗದಿದ್ದರೆ ಮೊದಲು ಗಡಿಯಾರ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳನ್ನು ಎರಡು ಪಟ್ಟಿ ಮಾಡಿ, ‘ನಿನ್ನೆ ಮಳೆ ದಿನ’, ‘ನಿನ್ನೆ ಒಣ ದಿನ’. ಎರಡರಲ್ಲೂ ಇವತ್ತು ಮಳೆ ದಿನ ಆದದ್ದು ನೂರಕ್ಕೆ ಎಷ್ಟು? ಎರಡೂ ಹತ್ತಿರ ಹತ್ತಿರ ಇದ್ದರೆ ಸ್ವತಂತ್ರ ಅನ್ನಿ. ದೂರ ಇದ್ದರೆ ದ್ವಿಪದ ಬಿಡಿ.

ರೈಲು ತಡವಾಗುವ ಲೆಕ್ಕಕ್ಕೂ ಇದೇ ಎಚ್ಚರಿಕೆ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆ, ವೇಗವೂ ಕಡಿಮೆ. ಇಡೀ ವರ್ಷದ ಅಂಕಿ ಒಟ್ಟಿಗೆ ಹಾಕಿದರೆ ಎರಡು ಬೇರೆ ರಾಶಿಯ ಸರಾಸರಿ ಸಿಗ್ತದೆ, ಅದು ಯಾವ ದಿನಕ್ಕೂ ಹೊಂದುವುದಿಲ್ಲ.

ಕರಿ ಈಶಾಡ
ಸಂಖ್ಯಾಶಾಸ್ತ್ರದ ಭಾಗ ಯಾರೂ ಮುಟ್ಟಲಿಲ್ಲ, ನಾನು ಹೇಳ್ತೇನೆ.

ಸರಾಸರಿ, ಮಧ್ಯಾಂಕ. ಏಳು ದೋಣಿಯ ಹಿಡಿತ ಕಿಲೋದಲ್ಲಿ: 35, 40, 42, 45, 48, 50, 720. ಸರಾಸರಿ 140, ಮಧ್ಯಾಂಕ 45. 140 ಕಿಲೋ ಹಿಡಿದ ದೋಣಿ ಒಂದೂ ಇಲ್ಲ. ಆದರೆ ಐಸ್ ಎಷ್ಟು ತರಿಸಬೇಕು ಅಂತ ಕೇಳಿದರೆ ಸರಾಸರಿಯೇ ಬೇಕು, ಯಾಕೆಂದರೆ 140 × 7 ಒಟ್ಟು ಮೀನು ಕೊಡ್ತದೆ, ಮಧ್ಯಾಂಕ ಕೊಡುವುದಿಲ್ಲ. ‘ಹೊರಗುಳಿದ ಅಂಕಿ ಇದ್ದರೆ ಮಧ್ಯಾಂಕ’ ಅಂತ ಬಾಯಿಪಾಠ ಮಾಡಬೇಡಿ, ಉತ್ತರ ಯಾವುದಕ್ಕೆ ಬೇಕು ಅಂತ ಕೇಳಿ.

ತೂಕದ ಸರಾಸರಿ. ಅಡಿಕೆ 2 ಕ್ವಿಂಟಲ್ ಕ್ವಿಂಟಲಿಗೆ 38,000ದಂತೆ, 8 ಕ್ವಿಂಟಲ್ 46,000ದಂತೆ ಹೋಯಿತು ಅನ್ನಿ. ಎರಡು ದರ ಕೂಡಿಸಿ ಅರ್ಧ ಮಾಡಿದರೆ 42,000. ಕೈಗೆ ಬಂದ ಹಣ 4,44,000, ಕ್ವಿಂಟಲಿಗೆ 44,400. ಇಲ್ಲೂ ಛೇದದ್ದೇ ಗಲಾಟೆ, ವಹಿವಾಟು ಎರಡು, ಕ್ವಿಂಟಲ್ ಹತ್ತು.

ವರ್ಗೀಕೃತ ಮಧ್ಯಾಂಕ. ವರ್ಗಾಂತರ 0–10, 10–20, 20–30, 30–40, ಆವೃತ್ತಿ 5, 8, 15, 12. ಒಟ್ಟು 40, ಅರ್ಧ 20, ಅದು ಬೀಳುವುದು 20–30ರಲ್ಲಿ. ಹಿಂದಿನ ವರ್ಗದ ತನಕದ ಸಂಚಿತ ಆವೃತ್ತಿ 13. ಮಧ್ಯಾಂಕ 20 + (7/15) × 10 = 24.67. ಮಾಮೂಲಿ ತಪ್ಪು, 13ರ ಬದಲು ಅದೇ ವರ್ಗದ 28 ಹಾಕುವುದು. ಆಗ 14.67 ಬರ್ತದೆ. ಮಧ್ಯಾಂಕ 20–30ರಲ್ಲಿ ಇರಬೇಕು ಅಂತ ಈಗಷ್ಟೇ ಬರೆದವರು 14.67ರ ಕೆಳಗೆ ಎರಡು ಗೆರೆ ಎಳೆದು ಮುಂದೆ ಹೋಗ್ತಾರೆ! 1–10, 11–20 ಅಂತ ಕೊಟ್ಟಿದ್ದರೆ ಮೊದಲು 0.5, 10.5, 20.5 ಮಾಡಿಕೊಳ್ಳಿ.

ಅಸಮ ವರ್ಗಾಂತರದ ಆಯತಚಿತ್ರಕ್ಕೆ ಮಳೆಯ ವರ್ಗಗಳೇ ಒಳ್ಳೆಯ ಅಭ್ಯಾಸ. ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ 64.5ರಿಂದ 115.5 ಮಿ.ಮೀ., ಅತಿ ಭಾರೀ 115.6ರಿಂದ 204.4. ಮೊದಲನೆಯದರ ಅಗಲ 51ರಷ್ಟು, ಎರಡನೆಯದರದ್ದು 89. ಎತ್ತರಕ್ಕೆ ಆವೃತ್ತಿ ಅಲ್ಲ, ಆವೃತ್ತಿಯನ್ನು ಅಗಲದಿಂದ ಭಾಗಿಸಿದ್ದು.

ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನುವ ಅಳತೆ. ಆರು ದಿನದ ಬಳಚಿನ (ಚಿಪ್ಪುಮೀನಿನ) ಬುಟ್ಟಿ: 4, 7, 5, 8, 6, 6. ಸರಾಸರಿ 6, ವಿಚಲನೆಗಳ ವರ್ಗಗಳ ಮೊತ್ತ 10. ಆರರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.29, ಐದರಿಂದ ಭಾಗಿಸಿ ತೆಗೆದರೆ 1.41. ಆ ಆರು ದಿನವೇ ಪೂರ್ತಿ ವಿಷಯ ಆದರೆ ಆರು. ಆರು ದಿನ ನೋಡಿ ಇಡೀ ಋತುವಿನ ಮಾತಾಡುವುದಾದರೆ ಐದು, ಯಾಕೆಂದರೆ ಸರಾಸರಿಯನ್ನೂ ಅದೇ ಆರರಿಂದ ತೆಗೆದಿದ್ದೀರಿ, ಅಂಕಿಗಳು ತಮ್ಮದೇ ಸರಾಸರಿಗೆ ಯಾವಾಗಲೂ ಸ್ವಲ್ಪ ಹೆಚ್ಚು ಹತ್ತಿರ ಇರ್ತವೆ. ಹೊಸ ಮಾದರಿಯ ಕ್ಯಾಸಿಯೊ ಕ್ಯಾಲ್ಕುಲೇಟರಿನಲ್ಲಿ ಸಿಗ್ಮಾ ಗುರುತಿನದ್ದು ಮೊದಲನೆಯದು, ಎಸ್ ಗುರುತಿನದ್ದು ಎರಡನೆಯದು. ಹಳೆಯ ಅಂಕಿ ಅಳಿಸದೆ ಹೊಸ ಲೆಕ್ಕ ತುಂಬುವುದು ಇನ್ನೊಂದು ಮಾಮೂಲಿ ಎಡವಟ್ಟು. ಅಂಕಿಗಳ ಸಂಖ್ಯೆ ಎಷ್ಟು ತೋರಿಸ್ತದೆ ಅಂತ ಮೊದಲು ನೋಡಿ.

ನಾರ್ಮಲ್ ಕೋಷ್ಟಕ. ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಜೆಡ್ (ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರ ಅನ್ನುವುದು) 1.5ಕ್ಕೆ ಒಂದರಲ್ಲಿ 0.4332, ಇನ್ನೊಂದರಲ್ಲಿ 0.9332. ಮೊದಲನೆಯದು ನಡುವಿನಿಂದ, ಎರಡನೆಯದು ಎಡತುದಿಯಿಂದ. ಕೋಷ್ಟಕದ ಮೊದಲ ಅಂಕಿ 0.0000 ಇದ್ದರೆ ನಡುವಿನಿಂದ, 0.5000 ಇದ್ದರೆ ಎಡದಿಂದ. ಸಿಪ್ಪೆ ಸುಲಿದ ತೆಂಗಿನಕಾಯಿಯ ಸರಾಸರಿ 600 ಗ್ರಾಂ, ಮಾನಕ ವಿಚಲನೆ 80 ಅಂತ ಕೊಟ್ಟರೆ 720ಕ್ಕಿಂತ ಭಾರದವು ಯಾವ ಕೋಷ್ಟಕದಲ್ಲಿ ನೋಡಿದರೂ 0.0668.

ಮತ್ತೆ, ದಿನವಹಿ ಮಳೆಗೆ ನಾರ್ಮಲ್ ಹಚ್ಚಬೇಡಿ. ಸರಾಸರಿ 30 ಮಿ.ಮೀ., ಮಾನಕ ವಿಚಲನೆ 40 ಅಂತ ಹಾಕಿ ನೋಡಿ, ನೂರಕ್ಕೆ 23 ದಿನ ಸೊನ್ನೆಗಿಂತ ಕಡಿಮೆ ಮಳೆ ಬರ್ತದೆ. ಆಕಾಶ ನೀರು ವಾಪಸ್ ಎಳೆದುಕೊಳ್ಳುವುದಿಲ್ಲವಲ್ಲ.

ಗುಡ್ಡೆ ತೋಟ
ಬೈತಖೋಲ್ ಅವರೆ, 7 ಮತ್ತು 8ರ ಲೆಕ್ಕ ಕೂತು ಮಾಡಿದೆ, ನೀವು ಹೇಳಿದ್ದು ಸರಿ. ಚೀಟಿ ಡಬ್ಬಿಯೂ ಒಪ್ಪಿದೆ. ಮಾದರಿ ತೆಗೆಯುವುದರ ಬಗ್ಗೆ ಏನಾದರೂ?

ಚಾಲಿ ಬೆಟ್ಟೆ
ಚೀಲದ ಬಾಯಿ ಬಿಚ್ಚಿ ಮೇಲಿನ ಒಂದು ಬೊಗಸೆ ತೆಗೆದರೆ ಅದು ಮಾದರಿ ಅಲ್ಲ. ಲಾರಿಯಲ್ಲಿ ಕುಲುಕಿದ ಚೀಲದಲ್ಲಿ ದಪ್ಪ ಅಡಿಕೆ ಮೇಲೆ ಬರ್ತದೆ, ಸಣ್ಣದು ಸಂದಿನಲ್ಲಿ ಕೆಳಗಿಳೀತದೆ. ಬೊಗಸೆಯನ್ನು ಹತ್ತು ಮಾಡಿದರೂ ಎಲ್ಲ ಮೇಲಿನಿಂದಲೇ ಆದರೆ ಓರೆ ಹಾಗೇ ಉಳೀತದೆ. ಮಾದರಿ ದೊಡ್ಡದಾದರೆ ಚೆದುರು ಕಡಿಮೆಯಾಗ್ತದೆ, ಓರೆ ಅಲ್ಲ. ಚೀಲಗಳಿಗೆ ನಂಬರ್ ಹಾಕಿ, ಚೀಟಿ ಎತ್ತಿ ಚೀಲ ಆರಿಸಿ, ಸುರಿದು ಕಲಸಿ ತೆಗೆಯಿರಿ. ಇಬ್ಬರಿದ್ದರೆ ಬೇರೆ ಬೇರೆಯಾಗಿ ತೆಗೆದು ಹೋಲಿಸಿ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಬಂಗಾಳದ ಸೆಣಬಿನ ಸಮೀಕ್ಷೆಯಲ್ಲಿ ಇದೇ ಉಪಾಯ ಮಾಡಿದ್ದು, ಒಂದೇ ಪ್ರದೇಶಕ್ಕೆ ಎರಡು ತಂಡ. ಎರಡರ ಉತ್ತರ ತೀರಾ ದೂರ ಇದ್ದರೆ ಗದ್ದೆಯಲ್ಲಿ ಅಲ್ಲ, ಎಣಿಸುವವರಲ್ಲಿ ಏನೋ ಇದೆ.

ತದಡಿ ದೋಣಿ
ದೇವಿಮನೆ ಅವರಿಗೆ ‘ಕನಿಷ್ಠ ಒಂದು’ ಮಾದರಿಯ ಎರಡು ಲೆಕ್ಕ, 1654ರಲ್ಲಿ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡ ಕಾಲದ್ದು. ಒಂದು ದಾಳವನ್ನು 4 ಸಲ ಎಸೆದರೆ ಕನಿಷ್ಠ ಒಂದು ಆರು. ಎರಡು ದಾಳವನ್ನು 24 ಸಲ ಎಸೆದರೆ ಕನಿಷ್ಠ ಒಂದು ಸಲ ಜೋಡಿ ಆರು. ಎರಡರಲ್ಲಿ ಯಾವುದಕ್ಕೆ ಪಣ ಕಟ್ಟಬಹುದು?

ದೇವಿಮನೆ ಘಟ್ಟ
‘ಒಂದೂ ಇಲ್ಲ’ ಅನ್ನುವುದನ್ನು 1ರಿಂದ ಕಳೆದೆ. ಮೊದಲನೆಯದು 1 − (5/6)ರ 4ನೇ ಘಾತ = 0.518. ಎರಡನೆಯದು 35/36 ಅಂದರೆ 0.97, ಅದರ 24ನೇ ಘಾತ 0.481, ಹಾಗಾಗಿ 0.519. ಎರಡೂ ಅರ್ಧಕ್ಕಿಂತ ಹೆಚ್ಚು, ಎರಡಕ್ಕೂ ಕಟ್ಟಬಹುದು.

ತದಡಿ ದೋಣಿ
ದಾರಿ ಪೂರ್ತಿ ಸರಿ, 0.97 ಕೆಡಿಸಿತು. 35/36 ಅಂದರೆ 0.97222... ಅದನ್ನು ಕತ್ತರಿಸಿ 24 ಸಲ ಗುಣಿಸಿದಿರಿ, ಸಣ್ಣ ಕೊರತೆಯೂ 24 ಸಲ ಗುಣಿಸಿತು. ಭಿನ್ನರಾಶಿಯನ್ನೇ ಕ್ಯಾಲ್ಕುಲೇಟರಿಗೆ ಹಾಕಿ, ಕೊನೆಯಲ್ಲಿ ಮಾತ್ರ ಕತ್ತರಿಸಿ: 0.4914. ಎರಡನೆಯದಕ್ಕೆ ಕಟ್ಟಿದರೆ ಸೋಲುವ ಕಡೆಗೇ ವಾಲ್ತದೆ.

ದೇವಿಮನೆ ಘಟ್ಟ
ಹೌದು, 0.4914 ಬಂತು. ಆ ಚೀಟಿ ಡಬ್ಬಿಗೆ ವಾಪಸ್.